ಮುಖಕ್ಕೆ ಹಚ್ಚುವ ಹುಳಿ

ನನ್ನ ಎಡ ಕೆನ್ನೆಯ ಮೇಲೆ, ಕಿವಿಯ ಹತ್ತಿರದಿಂದ ದವಡೆಯವರೆಗೆ, ಒಂದು ಕಂದು ಗೆರೆ ಸುಮಾರು ಎಂಟು ತಿಂಗಳು ಇತ್ತು. ನಿಂಬೆರಸ ಇಳಿದ ದಾರಿ ಅದು. ಮೇಲೆ ಅಗಲ, ಕೆಳಗೆ ಹೋಗ್ತಾ ಸಣ್ಣ, ಕೊನೆಯಲ್ಲಿ ಒಂದು ಹನಿ ನಿಂತ ಗುರುತು. ಈಗ ಅದು ಹೋಗಿದೆ. ಮೊಡವೆಯೂ ಬಹಳ ಮಟ್ಟಿಗೆ ಕಮ್ಮಿಯಾಗಿದೆ. ಕಮ್ಮಿ ಮಾಡಿದ್ದರಲ್ಲಿ ದೊಡ್ಡ ಪಾಲು ಇನ್ನೊಂದು ಥರದ ಹುಳಿಯದ್ದೇ. ಸುಟ್ಟಿದ್ದೂ ಹುಳಿ, ವಾಸಿ ಮಾಡಿದ್ದೂ ಹುಳಿ ಅಂದರೆ ಹೇಗೆ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮೂರು ಪಾಂಡವಪುರದ ಹತ್ತಿರ. ಕೆಲಸ ಮಂಡ್ಯದಲ್ಲಿ, ಹಾಲು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ದಿನವೂ ನಾನು ಮಾಡುವುದು ಹುಳಿ ಅಳೆಯುವ ಕೆಲಸವೇ. ಹತ್ತು ಎಂಎಲ್ ಹಾಲಿಗೆ ಎರಡು ಮೂರು ಹನಿ ಫಿನಾಫ್ತಲೀನ್ ಅನ್ನುವ ಬಣ್ಣ ಸೂಚಕ ಹಾಕಿ, ಬ್ಯೂರೆಟ್ ಅನ್ನುವ ಅಳತೆಯ ಗಾಜಿನ ನಳಿಕೆಯಿಂದ ಕಾಸ್ಟಿಕ್ ಸೋಡ ಅನ್ನುವ ಕ್ಷಾರದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ ಒಂದು ಹಂತದಲ್ಲಿ ಹಾಲು ತಿಳಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಎಷ್ಟು ಬೇಕಾಯ್ತು ಅನ್ನುವುದರ ಮೇಲೆ ಹುಳಿಯ ಲೆಕ್ಕ. ಒಳ್ಳೆ ಹಾಲಿನಲ್ಲಿ ಅದು 0.14% ಆಸುಪಾಸು ಇರುತ್ತದೆ. 0.2% ದಾಟಿದರೆ ಕಾಯಿಸುವಾಗ ಒಡೆಯುವ ಭಯ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಒಂದು ಕ್ಯಾನ್ ಹಾಲು ವಾಪಸ್ ಹೋಗುತ್ತದೆ, ಒಬ್ಬ ರೈತನ ಒಂದು ಹೊತ್ತಿನ ದುಡಿಮೆ ಹೋಗುತ್ತದೆ. ಅದಕ್ಕೇ ನಾವು ಅಷ್ಟು ಹುಷಾರಾಗಿ ನೋಡುತ್ತೇವೆ. ಮುಖದ ವಿಷಯದಲ್ಲಿ ಆ ಹುಷಾರು ನನಗೆ ಬಂದದ್ದು ತಡವಾಗಿ, ಅದು ಈಗಲೂ ಬೇಜಾರು.

ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷದಿಂದ ಮೊಡವೆ ಇತ್ತು. ವಯಸ್ಸಿನದು, ಹೋಗುತ್ತೆ ಅಂದರು. ಇಪ್ಪತ್ತೈದಾದರೂ ಹೋಗಲಿಲ್ಲ. ಹಣೆಯಲ್ಲಿ ಸಣ್ಣ ಸಣ್ಣ ಗುಳ್ಳೆ, ದವಡೆಯ ಉದ್ದಕ್ಕೂ ಒಳಗೇ ಕೂತು ನೋಯುವ ದಪ್ಪ ಗಂಟು, ಒಂದು ಹೋದರೆ ಅದರ ಜಾಗದಲ್ಲಿ ಕಪ್ಪು ಕಲೆ. ನಮ್ಮ ಬಣ್ಣದ ಚರ್ಮಕ್ಕೆ ಮೊಡವೆಗಿಂತ ಆ ಕಲೆಯದ್ದೇ ಜಾಸ್ತಿ ಕಾಟ. ಮೊಡವೆ ವಾರದಲ್ಲಿ ಹೋಗುತ್ತದೆ, ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ.

ಹಳ್ಳಿ ಮನೆಯಲ್ಲಿ ಹುಳಿಗೇನು ಕೊರತೆ? ಕಡಲೆ ಹಿಟ್ಟಿಗೆ ನಿಂಬೆರಸ ಕಲಸಿ ಹಚ್ಚಿದೆ. ಹುಣಸೆಹಣ್ಣಿನ ತಿರುಳಿಗೆ ಅರಿಶಿನ ಹಾಕಿ ಅವ್ವನೇ ಕಲಸಿಕೊಟ್ಟಳು. ಟೊಮೆಟೊ ಹೋಳು ಉಜ್ಜಿದೆ. ಹುಳಿ ಮೊಸರು, ಕಿತ್ತಳೆ ಸಿಪ್ಪೆ ಪುಡಿ, ಪರಂಗಿ ಹಣ್ಣು. ಹಚ್ಚಿದಾಗ ಉರಿಯುತ್ತಿತ್ತು. ಉರಿದರೆ ಕೆಲಸ ಮಾಡ್ತಿದೆ ಅಂತ ಅರ್ಥ ಅಂತ ನಮ್ಮ ಚಿಕ್ಕಮ್ಮ ಹೇಳುತ್ತಿದ್ದರು, ನಾನೂ ನಂಬಿದ್ದೆ. ತೊಳೆದ ತಕ್ಷಣ ಮುಖ ಬಿಗಿಯಾಗಿ ನುಣುಪಾಗಿ ಅನ್ನಿಸುತ್ತಿತ್ತು ಅನ್ನೋದೂ ನಿಜ. ಸಂಜೆ ಹೊತ್ತಿಗೆ ಮತ್ತೆ ಎಣ್ಣೆ. ಎರಡು ದಿನಕ್ಕೆ ಮತ್ತೆ ಗುಳ್ಳೆ.

ಮೂರು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ದೊಡ್ಡಪ್ಪನ ದೊಡ್ಡ ಮಗಳ ಮದುವೆ. ಹಿಂದಿನ ದಿನ ಬೆಳಿಗ್ಗೆ ಅರ್ಧ ನಿಂಬೆಹಣ್ಣನ್ನು ಸಕ್ಕರೆಯಲ್ಲಿ ಅದ್ದಿ ಕೆನ್ನೆಗೆಲ್ಲ ಉಜ್ಜಿದೆ, ಸಿಪ್ಪೆ ಸಮೇತ. ಪೂರ್ತಿ ತೊಳೆಯುವ ಮೊದಲೇ ಚಪ್ಪರಕ್ಕೆ ಮಾವಿನ ಸೊಪ್ಪು ಬಂತು ಅಂತ ಕರೆದರು. ನೀರು ಚಿಮುಕಿಸಿಕೊಂಡು ಹೊರಗೆ ಓಡಿದೆ, ಹನ್ನೊಂದರಿಂದ ಎರಡರವರೆಗೆ ಬಿಸಿಲಲ್ಲೇ ನಿಂತಿದ್ದೆ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನ ಧಾರೆ ಹೊತ್ತಿಗೆ ಕೆನ್ನೆ ಕೆಂಪಾಗಿ ಉರಿಯಲು ಶುರುವಾಯಿತು. ಅದರ ಮಾರನೇ ದಿನ ಸಣ್ಣ ಸಣ್ಣ ನೀರು ಗುಳ್ಳೆ ಎದ್ದವು. ಗುಳ್ಳೆ ಒಣಗಿದ ಮೇಲೆ ಉಳಿದದ್ದು ಆ ಕಂದು ಗೆರೆ. ಮದುವೆಯ ಒಂದು ಫೋಟೋದಲ್ಲೂ ನಾನು ಎಡ ಕೆನ್ನೆ ತೋರಿಸಿಲ್ಲ.

ನಿಂಬೆ ಜಾತಿಯ ಹಣ್ಣುಗಳಲ್ಲಿ, ಅದರಲ್ಲೂ ಸಿಪ್ಪೆಯ ಎಣ್ಣೆಯಲ್ಲಿ, ಫ್ಯೂರಾನೊಕೂಮರಿನ್ ಅನ್ನುವ ಪದಾರ್ಥ ಇರುತ್ತದೆ. ಅದು ಚರ್ಮದ ಮೇಲೆ ಇದ್ದಾಗ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಬಿದ್ದರೆ ಸುಟ್ಟ ಹಾಗೆ ಆಗುತ್ತದೆ. ಡಾಕ್ಟರು ಇದಕ್ಕೆ ಫೈಟೊಫೋಟೊಡರ್ಮಟೈಟಿಸ್ ಅನ್ನುತ್ತಾರೆ. ಅಂದರೆ ನನ್ನ ಕೆನ್ನೆ ಸುಟ್ಟಿದ್ದಕ್ಕೆ ಹುಳಿ ಒಂದೇ ಕಾರಣ ಅಲ್ಲ, ಸಿಪ್ಪೆಯ ಎಣ್ಣೆ ಮತ್ತು ಬಿಸಿಲು ಸೇರಿ ಮಾಡಿದ ಕೆಲಸ. ಇದು ಗೊತ್ತಾಗಿದ್ದು ತಿಂಗಳುಗಳ ನಂತರ.

ಅಷ್ಟರಲ್ಲಿ ಇನ್ನೊಂದು ತಪ್ಪು ಮಾಡಿದ್ದೆ. ಕಲೆ ಹೋಗಲಿ ಅಂತ ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿದೆ, ಚೀಟಿ ಗೀಟಿ ಏನೂ ಕೇಳದೆ ಒಂದು ಟ್ಯೂಬ್ ಕೊಟ್ಟರು. ಮೂರು ವಾರ ಮುಖ ಕನ್ನಡಿ ಥರ ಹೊಳೆಯಿತು. ಎರಡು ತಿಂಗಳಾದ ಮೇಲೆ ಟ್ಯೂಬ್ ಮುಗಿಯಿತು, ಹೊಸದು ತರಲಿಲ್ಲ. ಐದಾರು ದಿನದಲ್ಲಿ ಮುಖದ ತುಂಬಾ ಕೆಂಪು ಗುಳ್ಳೆ, ತುರಿಕೆ, ಬಿಸಿ. ಲ್ಯಾಬಿನಲ್ಲಿ ಮಾಸ್ಕ್ ತೆಗೆಯಲು ನಾಚಿಕೆ ಆಗುತ್ತಿತ್ತು. ನನ್ನ ಜೊತೆ ಕೆಲಸ ಮಾಡುವ ಅಕ್ಕ ಒಬ್ಬರು, "ಇನ್ನು ಮುಖಕ್ಕೆ ಏನೂ ಹಚ್ಚಬೇಡ ಕಣೆ, ಮೊದಲು ಸ್ಕಿನ್ ಡಾಕ್ಟರ್ ಹತ್ರ ಹೋಗು" ಅಂತ ಅವರೇ ಮೈಸೂರಿನಲ್ಲಿ ಅಪಾಯಿಂಟ್‌ಮೆಂಟ್ ಮಾಡಿಸಿಕೊಟ್ಟರು. ಅವರ ಋಣ ದೊಡ್ಡದು.

ಜೂನ್ ತಿಂಗಳ ಒಂದು ಶನಿವಾರ ಮೈಸೂರಿಗೆ ಹೋದೆ. ಸರಸ್ವತಿಪುರಂನಲ್ಲಿ ಕ್ಲಿನಿಕ್, ಐವತ್ತರ ಆಸುಪಾಸಿನ ಮೇಡಂ. ಬ್ಯಾಗಲ್ಲಿದ್ದ ಖಾಲಿ ಟ್ಯೂಬ್ ನೋಡಿದ ಕೂಡಲೇ, "ಇದರಲ್ಲಿ ಸ್ಟಿರಾಯ್ಡ್ ಇದೆಯಮ್ಮ, ಮುಖಕ್ಕೆ ಹೀಗೆಲ್ಲ ಹಚ್ಚೋದಲ್ಲ" ಅಂದರು. ಬೈಯಲಿಲ್ಲ. ಮುಟ್ಟು ಸರಿಯಾಗಿ ಆಗುತ್ತಾ, ಗಲ್ಲದ ಮೇಲೆ ಕೂದಲು ಜಾಸ್ತಿ ಬರುತ್ತಾ ಅಂತೆಲ್ಲ ವಿಚಾರಿಸಿ ಥೈರಾಯ್ಡ್ ಮತ್ತು ಹಾರ್ಮೋನ್ ಪರೀಕ್ಷೆಗೆ ಬರೆದರು. ದವಡೆಯ ಮೊಡವೆಗೆ ಎಷ್ಟೋ ಸಲ ಕಾರಣ ಒಳಗಿರುತ್ತದಂತೆ. ನನ್ನದರಲ್ಲಿ ಅಂಥದ್ದೇನೂ ಬರಲಿಲ್ಲ.

ನಾನು ನಿಂಬೆ ಹುಣಸೆ ಕತೆ ಎಲ್ಲಾ ಹೇಳಿ, "ಇನ್ನು ಹುಳಿ ಮುಟ್ಟಲ್ಲ ಮೇಡಂ" ಅಂದೆ. ಅವರು, "ಹಾಗೇನಿಲ್ಲ, ನಾನೇ ಕೊಡ್ತೀನಿ, ಆದರೆ ಈಗಲ್ಲ" ಅಂದರು. ಆಮೇಲೆ ಪ್ಯಾಡಿನ ಹಿಂದೆ ಚಿತ್ರ ಬರೆದು ತೋರಿಸಿದರು. ಚರ್ಮದಲ್ಲಿ ಕೂದಲು ಹುಟ್ಟುವ ಸಣ್ಣ ತೂತು. ಅದರೊಳಗೆ ಎಣ್ಣೆ ಬರುತ್ತದೆ. ತೂತಿನ ಒಳಗೋಡೆಯ ಸತ್ತ ಜೀವಕೋಶಗಳು ಉದುರಿ ಹೋಗಬೇಕು, ಹೋಗದೆ ಒಂದಕ್ಕೊಂದು ಅಂಟಿಕೊಂಡು ಎಣ್ಣೆ ಜೊತೆ ಸೇರಿ ಬಿರಡೆಯ ಹಾಗೆ ಕೂರುತ್ತವೆ. ಬಿರಡೆಯ ಹಿಂದೆ ಬ್ಯಾಕ್ಟೀರಿಯ ಹೆಚ್ಚುತ್ತದೆ, ಊತ ಬರುತ್ತದೆ, ಅದೇ ಮೊಡವೆ. ಹಣ್ಣಿನ ಆಸಿಡ್‌ಗಳು ಮಾಡುವುದು ಆ ಅಂಟನ್ನು ಸಡಿಲ ಮಾಡುವ ಕೆಲಸ. ಅಷ್ಟೇ. ಬ್ಯಾಕ್ಟೀರಿಯಕ್ಕೆ, ಹಾರ್ಮೋನಿಗೆ, ಒಳಗಿನ ಊತಕ್ಕೆ ಅವು ಮದ್ದಲ್ಲ ಅಂತ ಅವರು ಎರಡು ಸಲ ಹೇಳಿದರು.

ಈ ಗುಂಪಿಗೆ ಆಲ್ಫಾ ಹೈಡ್ರಾಕ್ಸಿ ಆಸಿಡ್ ಅಂತ ಹೆಸರು. ನಿಂಬೆಯ ಸಿಟ್ರಿಕ್, ಸೇಬಿನ ಮ್ಯಾಲಿಕ್, ದ್ರಾಕ್ಷಿ ಹುಣಸೆಯ ಟಾರ್ಟಾರಿಕ್, ಹುಳಿ ಹಾಲಿನ ಲ್ಯಾಕ್ಟಿಕ್, ಕಬ್ಬಿನ ಗ್ಲೈಕೋಲಿಕ್, ಕಹಿ ಬಾದಾಮಿಯ ಮ್ಯಾಂಡೆಲಿಕ್. ಲ್ಯಾಕ್ಟಿಕ್ ಅಂದ ತಕ್ಷಣ ನನಗೆ ಹತ್ತಿರದವರ ಹೆಸರು ಕೇಳಿದ ಹಾಗಾಯಿತು, ದಿನಾ ಬ್ಯೂರೆಟ್‌ನಲ್ಲಿ ನಾನು ಅಳೆಯುವುದು ಅದನ್ನೇ. ಇದೆಲ್ಲ ಔಷಧಿಯ ದಾರಿಗೆ ಬಂದದ್ದು 1974ರಿಂದ ಈಚೆಗೆ. ಅಮೆರಿಕದ ಯೂಜೀನ್ ವಾನ್ ಸ್ಕಾಟ್ ಮತ್ತು ರೂಯಿ ಯೂ ಅನ್ನುವವರು, ಮೀನಿನ ಹುರುಪೆ ಥರ ಚರ್ಮ ಒಣಗಿ ದಪ್ಪವಾಗುವ ಇಕ್ತಿಯೋಸಿಸ್ ಅನ್ನುವ ಕಾಯಿಲೆಗೆ ಈ ಆಸಿಡ್‌ಗಳು ಗುಣ ಕೊಡುತ್ತವೆ ಅಂತ ಆ ವರ್ಷ ಬರೆದರು. ಮೊಡವೆಗೆ, ಕಲೆಗೆ, ಸುಕ್ಕಿಗೆ ಬಂದದ್ದು ಆಮೇಲೆ.

ಮೊದಲ ಎರಡು ತಿಂಗಳು ನನಗೆ ಯಾವ ಆಸಿಡ್ಡೂ ಇಲ್ಲ. ಸ್ಟಿರಾಯ್ಡ್ ಬಿಟ್ಟ ಚರ್ಮ ಮೊದಲು ಸುಧಾರಿಸಿಕೊಳ್ಳಬೇಕು ಅಂದರು. ನೊರೆ ಕಮ್ಮಿ ಇರುವ ಫೇಸ್‌ವಾಶ್, ವಾಸನೆ ಇಲ್ಲದ ಮಾಯಿಶ್ಚರೈಸರ್, ಬೆಳಿಗ್ಗೆ ಸನ್‌ಸ್ಕ್ರೀನ್, ಊತಕ್ಕೆ ಕೆಲವು ವಾರ ಮಾತ್ರೆ. ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಅಂತ ನನಗೆ ಅನುಮಾನ ಇತ್ತು. ಹಚ್ಚಿದೆ. ಉರಿ ಕಮ್ಮಿಯಾಗಿದ್ದು ಅದರಿಂದಲೇ.

ಆ ಬಿಡುವಿನಲ್ಲಿ ಒಂದು ಭಾನುವಾರ ಮನೆಯಲ್ಲಿ ಕೂತು ಎಲ್ಲಾ ಅಳೆದೆ. ಮೈಸೂರಿನಲ್ಲಿ ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ ಪಿಎಚ್ ಪಟ್ಟಿಯ ಒಂದು ಡಬ್ಬಿ ತಂದಿದ್ದೆ. ಹುಳಿ ಎಷ್ಟು ಅಂತ ಬಣ್ಣದಲ್ಲಿ ತೋರಿಸುವ ಕಾಗದದ ಪಟ್ಟಿ ಅದು, ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ. ಜಗಲಿ ಮೇಲೆ ಸ್ಟೀಲ್ ಲೋಟಗಳನ್ನು ಸಾಲಾಗಿ ಇಟ್ಟೆ. ನಿಂಬೆರಸದಲ್ಲಿ ಅದ್ದಿದ ಪಟ್ಟಿ ಕಡು ಕೆಂಪಾಯಿತು, 2. ಹುಣಸೆ ರಸ 3ಕ್ಕಿಂತ ಸ್ವಲ್ಪ ಕೆಳಗೆ. ಟೊಮೆಟೊ 4 ದಾಟಿತು. ಮೊಸರು ನಾಲ್ಕೂವರೆ ಹತ್ತಿರ. ಪರಂಗಿ ಹಣ್ಣು ಐದೂವರೆ, ಅಂದರೆ ಅದರಲ್ಲಿ ಹುಳಿಯೇ ಇಲ್ಲ ಅನ್ನಬಹುದು, ಅದರ ಕೆಲಸ ಪಪೈನ್ ಅನ್ನುವ ಕಿಣ್ವದ್ದು. ಮೈಸೋಪು ಕರಗಿಸಿದ ನೀರು ಅದ್ದಿದರೆ ಪಟ್ಟಿ ಕಡು ನೀಲಿ, 10. ಆರೋಗ್ಯವಾಗಿರುವ ಚರ್ಮದ ಮೇಲ್ಮೈ 5ರ ಆಸುಪಾಸು ಇರುತ್ತದೆ. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದ ಹಾಗೆ. 5ರಿಂದ 2ಕ್ಕೆ ಅಂದರೆ ಸಾವಿರ ಪಟ್ಟು. ಸಾವಿರ ಪಟ್ಟು ಹುಳಿಯನ್ನು ಉಜ್ಜಿ, ಆಮೇಲೆ 10ರ ಸೋಪಿನಲ್ಲಿ ತೊಳೆಯುತ್ತಿದ್ದೆ, ವಾರಕ್ಕೆ ಮೂರು ಸಲ, ವರ್ಷಗಟ್ಟಲೆ. ಆ ಪಟ್ಟಿಗಳನ್ನು ಸಾಲಾಗಿ ಪೇಪರ್ ಮೇಲೆ ಒಣಗಿಸಿ ನೋಡ್ತಾ ತುಂಬಾ ಹೊತ್ತು ಕೂತಿದ್ದೆ.

ಗೌರಿ ಹಬ್ಬದ ಹಿಂದಿನ ದಿನ ಅವ್ವ ಹಿತ್ತಲಲ್ಲಿ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದಳು. ಒಂದು ವರ್ಷದ ಕಪ್ಪು ಬೆರಳಿನ ಕೆಳಗೆ ಕರಗಿ ಕೊಳೆ ನೀರಾಗಿ ಹರಿದು, ದೀಪ ಹೊಸದರ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ಪಟ್ಟಿಯ ವಿಷಯ ಹೇಳಿದೆ. ಅವ್ವ ತಿಕ್ಕುವುದನ್ನು ನಿಲ್ಲಿಸಿ ತನ್ನ ಕೈ ನೋಡಿಕೊಂಡಳು. "ನಾನೇ ಅಲ್ವಾ ಮಗ ನಿಂಗೆ ಕಲಸ್ಕೊಟ್ಟಿದ್ದು. ಗೊತ್ತಿರ್ನಿಲ್ಲ ಕಣವ್ವ" ಅಂದಳು. ಅವಳದ್ದೇನೂ ತಪ್ಪಿಲ್ಲ. ಅವಳಿಗೆ ಅವಳ ಅವ್ವ ಹೇಳಿದ್ದು, ಅವರ ಕಾಲದಲ್ಲಿ ಕೈಗೆ ಸಿಗುತ್ತಿದ್ದದ್ದು ಅದೊಂದೇ.

ಆಗಸ್ಟ್ ಕೊನೆಯಲ್ಲಿ ಮೇಡಂ ಆಸಿಡ್ ಶುರು ಮಾಡಿಸಿದ್ದರು. ಮ್ಯಾಂಡೆಲಿಕ್, 10%. ಗ್ಲೈಕೋಲಿಕ್ ಯಾಕಲ್ಲ ಅಂದರೆ ಅದರ ಅಣು ಈ ಗುಂಪಿನಲ್ಲೇ ಚಿಕ್ಕದು, ಅಣುತೂಕ 76, ಬೇಗ ಒಳಗಿಳಿಯುತ್ತದೆ, ಜಾಸ್ತಿ ಉರಿಯುತ್ತದೆ. ಲ್ಯಾಕ್ಟಿಕ್ 90. ಮ್ಯಾಂಡೆಲಿಕ್ 152, ದಪ್ಪ, ನಿಧಾನ. ಉರಿದು ಕೆಂಪಾದರೆ ನಮ್ಮಂಥ ಬಣ್ಣದವರಿಗೆ ಆ ಕೆಂಪೇ ಮುಂದೆ ಕಪ್ಪು ಕಲೆಯಾಗುತ್ತದೆ, ಅದಕ್ಕೆ ನಿಧಾನದ್ದೇ ಒಳ್ಳೆಯದು ಅಂತ ಅವರ ಲೆಕ್ಕ. ಜೊತೆಗೆ ದವಡೆಗೆ ಮಾತ್ರ 2% ಸ್ಯಾಲಿಸಿಲಿಕ್. ಅದು ಹಣ್ಣಿನ ಆಸಿಡ್ ಗುಂಪಿನದ್ದಲ್ಲ. ಆದರೆ ಎಣ್ಣೆಯಲ್ಲಿ ಕರಗುತ್ತದೆ, ಅದಕ್ಕೆ ಎಣ್ಣೆ ತುಂಬಿದ ತೂತಿನ ಒಳಗೆ ಇಳಿಯಬಲ್ಲದು. ಹಣ್ಣಿನವು ನೀರಿನಲ್ಲಿ ಕರಗುವಂಥವು, ಹೆಚ್ಚಾಗಿ ಮೇಲ್ಪದರದಲ್ಲೇ ಅವುಗಳ ಕೆಲಸ.

ಮನೆಗೆ ಬಂದು ಅಪ್ಪನಿಗೆ ಸೀಸೆ ತೋರಿಸಿದರೆ ಮುಖ ಕಪ್ಪಿಟ್ಟಿತು. "ಆಸಿಡ್ಡಾ? ಮಕಕ್ಕೆ ಆಸಿಡ್ ಹಾಕ್ಕತೀಯವ್ವಾ?" ಆಸಿಡ್ ಅನ್ನುವ ಪದ ನಮ್ಮ ಪೇಪರುಗಳಲ್ಲಿ ಯಾವ ಸುದ್ದಿಯ ಜೊತೆ ಬರುತ್ತದೆ ಅಂತ ಗೊತ್ತಲ್ಲ, ಅವರ ಹೆದರಿಕೆ ಸರಿಯಾಗೇ ಇತ್ತು. ಸೀಸೆಯಿಂದ ಒಂದು ಹನಿ ಪಟ್ಟಿಗೆ ಬಿಟ್ಟು ತೋರಿಸಿದೆ, 4ರ ಹತ್ತಿರದ ಕೇಸರಿ ಬಣ್ಣ. ಪಕ್ಕದಲ್ಲಿ ನಿಂಬೆಯ ಕೆಂಪು ಪಟ್ಟಿ. "ಅಪ್ಪಾ, ನೀವು ದಿನಾ ಮುದ್ದೆ ಸಾರಿಗೆ ಹಿಂಡ್ಕೊಳ್ಳೋದು ಇದಕ್ಕಿಂತ ಹುಳಿ" ಅಂದೆ. ಆಮೇಲೆ ಅವರ ಕಣ್ಣು ಕಬ್ಬಿನ ಕಡೆ ಹೋಯಿತು. ಕಬ್ಬಿನಿಂದಲೂ ಇಂಥದ್ದು ಬರುತ್ತೆ ಅಂದಾಗ, ನಮ್ಮ ಗದ್ದೆಯ ಕಬ್ಬಿನಿಂದಾನಾ ಅಂತ ಕೇಳಿದರು. 1933ರಲ್ಲಿ ಮೈಶುಗರ್ ಕಂಪನಿ ಶುರುವಾದಾಗಿನಿಂದ ಕಬ್ಬನ್ನೇ ನಂಬಿದ ಜಿಲ್ಲೆ ನಮ್ಮದು, ಕೇಳದೆ ಇರುತ್ತಾರಾ? ನಿಜ ಹೇಳಬೇಕಾಯಿತು. ಕಬ್ಬಿನ ಹಾಲಿನಲ್ಲಿ ಗ್ಲೈಕೋಲಿಕ್ ಇರುವುದು ಎಲ್ಲೋ ಸ್ವಲ್ಪ. ಸೀಸೆಗೆ ಬರುವುದು ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾಗುವಂಥದ್ದು. ಅಣು ಅದೇ, ಹುಟ್ಟಿದ ಜಾಗ ಬೇರೆ. ನನಗೆ ಅದರಿಂದ ಬೇಸರವೇನಿಲ್ಲ, ಸೀಸೆಯಲ್ಲಿ ಎಷ್ಟಿದೆ ಅಂತ ಖಚಿತವಾಗಿ ಗೊತ್ತಿರುತ್ತದೆ. ಒಂದು ನಿಂಬೆಹಣ್ಣಿನಿಂದ ಇನ್ನೊಂದಕ್ಕೆ ಹುಳಿ ಬೇರೆ ಬೇರೆ, ಅಳತೆ ಮಾಡಿ ಹಚ್ಚುವುದು ಹೇಗೆ?

ಸೀಸೆ ಮೇಲೆ ಬರೀ ಶೇಕಡಾ ನೋಡಿದರೆ ಸಾಲದು ಅನ್ನುವುದನ್ನು ಮಾತ್ರ ಇಲ್ಲಿ ಒತ್ತಿ ಹೇಳುತ್ತೇನೆ, ಯಾಕೆಂದರೆ ನನಗೆ ತಿಳಿದ ಹುಡುಗಿಯರು 10% ಒಳ್ಳೇದಾ 20% ಒಳ್ಳೇದಾ ಅಂತ ಮಾತ್ರ ಕೇಳುತ್ತಾರೆ. ಗ್ಲೈಕೋಲಿಕ್ ಆಸಿಡ್ ಪಿಎಚ್ 3.8ರ ಹತ್ತಿರ ಇದ್ದಾಗ ಅದರಲ್ಲಿ ಅರ್ಧ ಭಾಗ ಮಾತ್ರ ಆಸಿಡ್ ರೂಪದಲ್ಲಿ ಇರುತ್ತದೆ, ಉಳಿದರ್ಧ ಲವಣದ ರೂಪದಲ್ಲಿ ಸುಮ್ನೆ ಇರುತ್ತದೆ. ಪಿಎಚ್ ಕೆಳಗಿಳಿದರೆ ಕೆಲಸ ಮಾಡುವ ಭಾಗ ಜಾಸ್ತಿ, ಉರಿಯೂ ಜಾಸ್ತಿ. ಅಂದರೆ ಒಂದೇ 10% ಬರೆದ ಎರಡು ಸೀಸೆ ಮುಖದ ಮೇಲೆ ಬೇರೆ ಬೇರೆ ಥರ ವರ್ತಿಸಬಹುದು. ಅಮೆರಿಕದಲ್ಲಿ ಕಾಸ್ಮೆಟಿಕ್ ಪದಾರ್ಥಗಳನ್ನು ಪರಿಶೀಲಿಸುವ ತಜ್ಞರ ಸಮಿತಿಯ 1998ರ ವರದಿಯಲ್ಲಿ, ಮನೆಯಲ್ಲಿ ಬಳಸುವುದಾದರೆ ಗ್ಲೈಕೋಲಿಕ್, ಲ್ಯಾಕ್ಟಿಕ್ 10% ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗಿರಬಾರದು, ಜೊತೆಗೆ ಬಿಸಿಲಿನಿಂದ ರಕ್ಷಣೆ ಇರಬೇಕು ಅಂತ ಇದೆ. ಈ ಮೂರೂ ಒಟ್ಟಿಗೆ ಇರಬೇಕು. ನಿಂಬೆಹಣ್ಣು ಉಜ್ಜಿಕೊಂಡು ಚಪ್ಪರಕ್ಕೆ ಹೋದ ದಿನ ನನ್ನಲ್ಲಿ ಪಿಎಚ್ ಲೆಕ್ಕವೂ ಇರಲಿಲ್ಲ, ರಕ್ಷಣೆಯೂ ಇರಲಿಲ್ಲ.

ಮೊದಲ ವಾರ ಎರಡು ರಾತ್ರಿ ಮಾತ್ರ. ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ಕಾದೆ. ಆಮೇಲೆ ಮುಖ ತೊಳೆದು, ಪೂರ್ತಿ ಒಣಗಲು ಬಿಟ್ಟು, ಮೂರು ಹನಿ. ಒಂದು ನಿಮಿಷ ಚುರುಚುರು, ಆಮೇಲೆ ಏನಿಲ್ಲ. ಮೇಲೆ ಮಾಯಿಶ್ಚರೈಸರ್. ಎರಡು ವಾರ ಯಾವ ಬದಲಾವಣೆಯೂ ಕಾಣಲಿಲ್ಲ. ಮೂರನೇ ವಾರ ಹಣೆ ತುಂಬಾ ಬಿಳಿ ಮೊಗ್ಗಿನಂಥ ಗುಳ್ಳೆ ಎದ್ದವು, ನನಗೆ ಜೀವವೇ ಬಾಯಿಗೆ ಬಂದಂತಾಯಿತು. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಮೊದಲು ಎಲ್ಲಿ ಬರುತ್ತಿತ್ತೋ ಅಲ್ಲೇ ಬಂದಿದೆಯಾ, ಹೊಸ ಜಾಗದಲ್ಲಾ ಅಂತ ಕೇಳಿದರು. ಹಳೇ ಜಾಗವೇ. ಹಾಗಾದರೆ ಒಳಗಿದ್ದ ಬಿರಡೆಗಳು ಬೇಗ ಬೇಗ ಮೇಲೆ ಬರುತ್ತಿವೆ, ನಾಲ್ಕರಿಂದ ಆರು ವಾರದಲ್ಲಿ ಇಳಿಯಬೇಕು, ಇಳಿಯದಿದ್ದರೆ ಬನ್ನಿ ಅಂದರು. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು, ಅದಕ್ಕೆ ಮುಂಚೆ ಆತುರ ಪಟ್ಟು ಪ್ರಯೋಜನ ಇಲ್ಲ.

ಐದನೇ ವಾರ ನಾನೇ ಕೆಡಿಸಿಕೊಂಡೆ. ಹಣೆ ಸ್ವಲ್ಪ ನುಣುಪಾಗಿದ್ದು ಕಂಡು ಆಸೆ ಆಯಿತು, ವಾರಕ್ಕೆ ಮೂರು ಇದ್ದದ್ದನ್ನು ದಿನಾ ಮಾಡಿದೆ. ಅದೇ ವಾರ ಹುಬ್ಬು ಮತ್ತು ಮೇಲ್ತುಟಿಗೆ ಥ್ರೆಡಿಂಗ್ ಮಾಡಿಸಿ, ಅದೇ ರಾತ್ರಿ ಆಸಿಡ್ ಹಚ್ಚಿದೆ. ದಾರ ಕೂದಲಿನ ಜೊತೆ ಚರ್ಮದ ಮೇಲ್ಪದರವನ್ನೂ ಎಳೆದಿರುತ್ತದೆ ಅನ್ನುವುದು ತಲೆಗೆ ಹೊಳೆಯಲಿಲ್ಲ. ಮೇಲ್ತುಟಿ ಬೆಂಕಿ ಇಟ್ಟ ಹಾಗೆ ಉರಿಯಿತು. ತಣ್ಣೀರಿನಲ್ಲಿ ಹತ್ತು ನಿಮಿಷ ತೊಳೆದೆ. ಬೆಳಿಗ್ಗೆ ಮೀಸೆ ಜಾಗದಲ್ಲಿ ಕೆಂಪು ಪಟ್ಟಿ, ನಾಲ್ಕು ದಿನಕ್ಕೆ ಅದು ಕಂದಾಗಿ ಸಿಪ್ಪೆ ಎದ್ದಿತು, ಕಲೆ ಹೋಗಲು ಒಂದೂವರೆ ತಿಂಗಳಾಯಿತು. ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿಸುವ ಮೊದಲು ಮತ್ತು ಆಮೇಲೆ ಕೆಲವು ದಿನ ಆಸಿಡ್ ನಿಲ್ಲಿಸಬೇಕು. ಇದನ್ನು ಪಾರ್ಲರಿನಲ್ಲೂ ಹೇಳಬೇಕು, ಅವರು ಕೇಳುವುದಿಲ್ಲ.

ಸನ್‌ಸ್ಕ್ರೀನ್ ವಿಷಯ ಬರೆಯದಿದ್ದರೆ ಇದೆಲ್ಲಾ ಬರೆದೂ ಉಪಯೋಗವಿಲ್ಲ. ಆಸಿಡ್ ಹಚ್ಚುವಷ್ಟು ದಿನ ಮತ್ತು ನಿಲ್ಲಿಸಿದ ಮೇಲೆ ಒಂದು ವಾರದವರೆಗೂ ಚರ್ಮಕ್ಕೆ ಬಿಸಿಲು ಜಾಸ್ತಿ ತಾಗುತ್ತದೆ. ನಾನು ಪಾಂಡವಪುರದಿಂದ ಮಂಡ್ಯಕ್ಕೆ ಸ್ಕೂಟಿಯಲ್ಲಿ ಓಡಾಡುವವಳು. ನಾಲೆ ಏರಿ ಮೇಲೆ ಒಂದು ಮರ ಇಲ್ಲದ ಕಡೆ ಮಧ್ಯಾಹ್ನದ ಬಿಸಿಲು ಹೆಲ್ಮೆಟ್ ಗಾಜಿನೊಳಗೂ ಬರುತ್ತದೆ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ ಹಿಂಡಬೇಕು ಅಂದರು ಡಾಕ್ಟರು. ನಾನು ಹಚ್ಚುತ್ತಿದ್ದದ್ದು ಕಡಲೆಕಾಳಿನಷ್ಟು. ಎರಡು ಬೆರಳು ಹಚ್ಚಿದರೆ ಮೊದಮೊದಲು ಮುಖ ಬೂದಿ ಬಳಿದ ಹಾಗೆ ಕಾಣುತ್ತಿತ್ತು, ಬೆವರಿಗೆ ಕಣ್ಣಿಗೆ ಇಳಿಯುತ್ತಿತ್ತು. ಮೂರನೇ ಬಾರಿ ಬದಲಿಸಿದ್ದು ಜೆಲ್ ಥರದ್ದು, ಅದು ಹೊಂದಿಕೊಂಡಿತು. ಊಟದ ಹೊತ್ತಿಗೆ ಲ್ಯಾಬಿನಲ್ಲಿ ಇನ್ನೊಂದು ಸಲ ಹಚ್ಚುತ್ತೇನೆ. ಹೆಲ್ಮೆಟ್ಟಿನ ಪಟ್ಟಿಯನ್ನು ವಾರಕ್ಕೊಮ್ಮೆ ಒಗೆಯುತ್ತೇನೆ, ದವಡೆಯ ಗಂಟುಗಳಲ್ಲಿ ಅರ್ಧ ಅದರ ಉಜ್ಜಾಟದಿಂದ ಬರುತ್ತಿದ್ದವು.

ಆ ಕಂದು ಗೆರೆ ಅಕ್ಟೋಬರ್ ಹೊತ್ತಿಗೆ, ದಸರಾ ಮುಗಿಯುವಷ್ಟರಲ್ಲಿ, ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟಾಗಿತ್ತು. ಮೊಡವೆಯ ಹಳೇ ಕಲೆಗಳಿಗೆ ಮಾತ್ರ ಡಿಸೆಂಬರಿನಿಂದ ಕ್ಲಿನಿಕ್ಕಿನಲ್ಲಿ ಮೂರು ಸಲ ಗ್ಲೈಕೋಲಿಕ್ ಪೀಲ್, ಅಂದರೆ ಆಸಿಡ್‌ನಿಂದ ಚರ್ಮದ ಮೇಲ್ಪದರ ಸುಲಿಯುವ ಚಿಕಿತ್ಸೆ, ಮಾಡಿದರು, 30%, ಮೂರು ವಾರಕ್ಕೊಂದು. ಅದನ್ನು ಹತ್ತಿರದಿಂದ ನೋಡಿದ್ದು ನನಗೆ ಮರೆಯಲಾಗದ ವಿಷಯ. ಕಣ್ಣಿನ ಕೊನೆ, ಮೂಗಿನ ಪಕ್ಕ, ತುಟಿಯ ಸಂದಿಗೆ ವ್ಯಾಸಲೀನ್ ಹಚ್ಚಿದರು, ಆಸಿಡ್ ಅಲ್ಲಿ ಹೋಗಿ ನಿಲ್ಲಬಾರದು ಅಂತ. ಮುಖದ ಎಣ್ಣೆ ಒರೆಸಿ, ಕುಂಚದಲ್ಲಿ ಮೊದಲು ಹಣೆ, ಆಮೇಲೆ ಕೆನ್ನೆ, ಕೊನೆಗೆ ಗಲ್ಲ. ಪಕ್ಕದಲ್ಲಿ ಟೈಮರ್. ಮೇಡಂ ಕಣ್ಣು ನನ್ನ ಚರ್ಮ ಬಿಟ್ಟು ಕದಲಲಿಲ್ಲ. ನನಗೆ ಕೈಯಲ್ಲಿ ಸಣ್ಣ ಫ್ಯಾನ್ ಕೊಟ್ಟಿದ್ದರು. ಎರಡು ನಿಮಿಷಕ್ಕೆ ಕೆನ್ನೆ ತಿಳಿ ಗುಲಾಬಿ ಆಯಿತು. "ಸಾಕು" ಅಂದು ಸೋಡಾ ಬೈಕಾರ್ಬೊನೇಟ್ ದ್ರಾವಣ ಸಿಂಪಡಿಸಿದರು, ಮುಖದ ಮೇಲೆ ಸುಯ್ ಅಂತ ಸಣ್ಣ ನೊರೆ ಎದ್ದು ಉರಿ ನಿಂತಿತು. ಕನ್ನಡಿಯಲ್ಲಿ ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಹುಳಿಗೆ ಕ್ಷಾರ ಹಾಕಿ, ತಿಳಿ ಗುಲಾಬಿ ಕಂಡ ಕ್ಷಣ ಕೈ ನಿಲ್ಲಿಸುವುದು ದಿನಾ ನಾನು ಮಾಡುವ ಕೆಲಸ. ಅಷ್ಟೇ ಜತನವಾಗಿ ಒಬ್ಬರು ನನ್ನ ಮುಖಕ್ಕೆ ಅದನ್ನು ಮಾಡುತ್ತಿದ್ದರು. ಇಷ್ಟು ಬಲದ ಆಸಿಡ್ ಆನ್‌ಲೈನಿನಲ್ಲಿ ಸೀಸೆಯಲ್ಲೇ ಸಿಗುತ್ತದೆ, ಹುಡುಗಿಯರು ಬಚ್ಚಲಲ್ಲಿ ಒಬ್ಬರೇ ನಿಂತು ಹಚ್ಚಿಕೊಳ್ಳುತ್ತಾರೆ. ದಯವಿಟ್ಟು ಬೇಡ.

ಈಗ ವಾರಕ್ಕೆ ಎರಡು ರಾತ್ರಿ ಮ್ಯಾಂಡೆಲಿಕ್, ಉಳಿದ ದಿನ ಸುಮ್ನೆ ಮಾಯಿಶ್ಚರೈಸರ್. ಹಣೆ ನುಣುಪಾಗಿದೆ. ತಿಂಗಳಿಗೆ ಒಂದೆರಡು ಮೊಡವೆ ಬರುತ್ತದೆ, ಬಂದರೆ ಮುಟ್ಟುವುದಿಲ್ಲ. ಬಲ ಕೆನ್ನೆಯಲ್ಲಿ ಐದಾರು ಗುಳಿ ಹಾಗೇ ಇವೆ. ಗುಳಿ ಆಸಿಡ್ ಸೀರಮ್ಮಿನಿಂದ ತುಂಬುವುದಿಲ್ಲ ಅಂತ ಮೇಡಂ ಮೊದಲೇ ಹೇಳಿದ್ದರು.

ಹೋದ ತಿಂಗಳು ದೊಡ್ಡಪ್ಪನ ಕಿರಿ ಮಗಳು, ಪಿಯುಸಿ ಓದುವವಳು, ಆಪಲ್ ಸೈಡರ್ ವಿನೆಗರ್ ಸೀಸೆ ಹಿಡಿದು ಬಂದಳು. ಹತ್ತಿಯಲ್ಲಿ ಅದ್ದಿ ಮೊಡವೆ ಮೇಲೆ ಇಟ್ಟುಕೊಳ್ಳುತ್ತಿದ್ದಾಳಂತೆ, ಗಲ್ಲದ ಮೇಲೆ ಕಾಸಿನಗಲ ಸುಟ್ಟ ಗುರುತು ಆಗಲೇ ಇತ್ತು. "ಅಕ್ಕ, ಉರೀತದೆ, ಆದ್ರೆ ಒಣಗ್ತದೆ ಕಣಕ್ಕ" ಅಂದಳು. ನಾನು ಏನೂ ಹೇಳದೆ ಡಬ್ಬಿಯಿಂದ ಒಂದು ಪಟ್ಟಿ ತೆಗೆದು ಅವಳ ಕೈಗೇ ಕೊಟ್ಟೆ, ಅವಳೇ ಅದ್ದಿದಳು, ಅವಳೇ ಬಣ್ಣ ಹೋಲಿಸಿದಳು. 3ಕ್ಕಿಂತ ಕೆಳಗೆ. ಆಮೇಲೆ ನನ್ನ ಎಡ ಕೆನ್ನೆ ಹತ್ತಿರ ಬಂದು, ಅದೇ ಜಾಗ ಅಲ್ವಾ ಅಂತ ಬೆರಳಿಟ್ಟು ನೋಡಿದಳು.

ಬರುವ ಶನಿವಾರ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬೆಳಿಗ್ಗೆ ಎಂಟರ ಬಸ್ಸಿಗೆ. ವಿನೆಗರ್ ಸೀಸೆಯನ್ನೂ ಜೊತೆಗೆ ತಗೊಂಡು ಬಾ, ಮೇಡಂಗೆ ತೋರಿಸೋಣ ಅಂದಿದ್ದೇನೆ. ಛತ್ರಿಯನ್ನೂ ತರಲು ಹೇಳಿದ್ದೇನೆ.